ಕೂಡಿ ಉಣ್ಣುವ ಒಂದು ಹೊತ್ತು



ಮನೆಯ ಸೌಕರ್ಯ ಎಂದ ಕೂಡಲೆ ನಮ್ಮ ಮನಸ್ಸು ಸಾಮಾನುಗಳ ಕಡೆಗೆ ಓಡುತ್ತದೆ. ನೀರಿನ ನಲ್ಲಿ, ಗ್ಯಾಸಿನ ಒಲೆ, ಮಿಕ್ಸರು, ಬಟ್ಟೆ ಒಗೆಯುವ ಯಂತ್ರ - ಇವು ಬಂದ ಮೇಲೆ ಹೆಣ್ಣುಮಕ್ಕಳ ದುಡಿಮೆ ಹಗುರವಾಗಿದೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಕೊಂಡು ತರುವ ವಸ್ತುವಿನಿಂದಲೇ ಎಲ್ಲ ಸುಖವೂ ಬರುವುದಿಲ್ಲ. ಕೆಲವು ಸುಖಗಳು ರೂಢಿಯನ್ನು ತುಸು ತಿದ್ದಿಕೊಂಡರೆ ಸಾಕು, ತಾವಾಗಿಯೇ ಬರುತ್ತವೆ. ಅಂಥ ಒಂದು ರೂಢಿಯ ವಿಷಯವಾಗಿ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಅದು ರೊಟ್ಟಿ ಬಡಿಯುವ ತಾಯಿ ಎಲ್ಲರ ಹಿಂದೆ ಉಣ್ಣುವ ರೂಢಿ.

ಇಜೇರಿ, ಜೇವರ್ಗಿ, ಅಫಜಲಪುರ, ಆಳಂದ - ಇದು ಭೀಮೆಯ ಆಚೀಚಿನ ಕಪ್ಪು ಮಣ್ಣಿನ ಸೀಮೆ. ಇಲ್ಲಿ ಬಿಳಿಜೋಳವೇ ಅನ್ನ, ತೊಗರಿಯೇ ಬೇಳೆ. ಊಟ ಎಂದರೆ ರೊಟ್ಟಿ. ಹಳ್ಳಿಯಿಂದ ಪಟ್ಟಣಕ್ಕೆ ಬಂದು ನೆಲೆಸಿದವರ ಮನೆಯಲ್ಲಿಯೂ ಇದು ತಪ್ಪಿಲ್ಲ. ಕಲಬುರಗಿಯ ಬಡಾವಣೆಗಳಲ್ಲಿ ಸಂಜೆಯ ಹೊತ್ತು ನಡೆದುಹೋದರೆ ಮನೆಮನೆಯಿಂದಲೂ ರೊಟ್ಟಿ ಬಡಿಯುವ ಸಪ್ಪಳ ಕೇಳಿಬರುತ್ತದೆ.

ಈಗ ಆ ಅಡಿಗೆಮನೆಯೊಳಗೆ ಇಣುಕಿ ನೋಡೋಣ. ಯಜಮಾನರು, ಹಿರಿಯರು, ಮಕ್ಕಳು ತಾಟಿನ ಮುಂದೆ ಕುಳಿತಿದ್ದಾರೆ. ಹಂಚಿನ ಮೇಲೆ ಒಂದು ರೊಟ್ಟಿ, ಪರಾತದಲ್ಲಿ ಇನ್ನೊಂದು. ಬೇಯಿಸಿದವಳ ಕೈಯಿಂದ ರೊಟ್ಟಿ ನೇರವಾಗಿ ಉಣ್ಣುವವರ ತಾಟಿಗೆ ಹೋಗುತ್ತದೆ. ನಡುವೆ ಒಬ್ಬರು ಪಲ್ಯ ಕೇಳುತ್ತಾರೆ, ಇನ್ನೊಬ್ಬರು ನೀರು ಕೇಳುತ್ತಾರೆ. “ನೀನೂ ಕೂಡಬಾರದೇನು?” ಎಂದು ಯಾರಾದರೂ ಕೇಳಿದರೆ ಸಿದ್ಧವಾದ ಉತ್ತರವೊಂದಿದೆ: “ನೀವು ಉಣ್ರಿ, ನಂದು ಹಿಂದಾಗಡೆ.” ಈ ಮಾತನ್ನು ನಮ್ಮ ಸೀಮೆಯಲ್ಲಿ ಕೇಳದವರು ಯಾರಿದ್ದಾರೆ?

ಈ ರೂಢಿಗೆ ಕಾರಣ ಬರಿಯ ಸಂಪ್ರದಾಯವಲ್ಲ. ಜೋಳದ ಹಿಟ್ಟಿನ ಗುಣವೂ ಇದಕ್ಕೆ ಕಾರಣ. ಗೋದಿಯ ಹಿಟ್ಟಿನಲ್ಲಿ ಗ್ಲುಟನ್ ಎಂಬ ಅಂಟಿನ ಅಂಶ ಹುಟ್ಟುತ್ತದೆ. ಅದರಿಂದ ಕಣಕ ಎಳೆದಂತೆ ಹಿಗ್ಗುತ್ತದೆ. ಕಲಸಿ ಇಟ್ಟು ಯಾವಾಗ ಬೇಕಾದರೂ ಚಪಾತಿ ಲಟ್ಟಿಸಬಹುದು. ಜೋಳದಲ್ಲಿ ಆ ಅಂಟಿಲ್ಲ. ಆದ್ದರಿಂದಲೇ ಕುದಿಯುವ ಎಸರು ಹಾಕಿ, ಬಿಸಿಯಿರುವಾಗಲೇ ಚೆನ್ನಾಗಿ ನಾದಿ, ಒಂದೊಂದೇ ಉಂಡೆ ಮಾಡಿ ಕೈಯಿಂದಲೇ ಬಡಿಯಬೇಕು. ಹಂಚಿಗೆ ಹಾಕಿದ ಮೇಲೆ ಮೇಲ್ಮೈಗೆ ನೀರು ಸವರಬೇಕು, ತಿರುವಬೇಕು, ಉಬ್ಬಿಸಬೇಕು. ಆರಿದಂತೆ ರೊಟ್ಟಿ ಬಿರುಸಾಗುತ್ತದೆ. ಹೀಗಾಗಿ ರೊಟ್ಟಿಯನ್ನು ಬಿಸಿಬಿಸಿಯಾಗಿಯೇ ಉಣ್ಣಬೇಕು ಎಂಬ ಮಾತು ಹುಟ್ಟಿತು. ಬಿಸಿ ರೊಟ್ಟಿ ಎಲ್ಲರಿಗೂ ಬೇಕು. ಆದರೆ ಬಡಿಯುವ ಕೈಗಳು ಎರಡೇ. ಆ ಕೈಗಳ ಒಡತಿಗೆ ಮಾತ್ರ ಬಿಸಿ ರೊಟ್ಟಿಯ ಯೋಗವಿಲ್ಲ.

ಲೆಕ್ಕಕ್ಕಾಗಿ ಆರು ಮಂದಿಯ ಒಂದು ಮನೆಯನ್ನು ಇಟ್ಟುಕೊಳ್ಳಿ. ತಲೆಗೆ ಮೂರರಂತೆ ಹದಿನೆಂಟು ರೊಟ್ಟಿ. ಒಂದಕ್ಕೆ ಮೂರು ನಿಮಿಷ ಹಿಡಿದರೂ ಐವತ್ತನಾಲ್ಕು ನಿಮಿಷವಾಯಿತು. ಮೊದಲನೆಯ ಸಾಲು ಉಂಡೆದ್ದಿತು, ಆಮೇಲೆ ಇನ್ನಿಬ್ಬರು ಬಂದರು, ಅವರದೂ ಆಯಿತು. ಅಷ್ಟರಲ್ಲಿ ಪಲ್ಯ ಆರಿದೆ, ಬೇಳೆ ಗಟ್ಟಿಯಾಗಿದೆ, ಮತ್ತೆ ಬಿಸಿ ಮಾಡಬೇಕು. ತಾಟುಗಳನ್ನು ಎರಡು ಸಲ ಎತ್ತಬೇಕು, ನೆಲವನ್ನು ಎರಡು ಸಲ ಒರೆಸಬೇಕು. ಏಳು ಗಂಟೆಗೆ ಒಲೆಯ ಮುಂದೆ ಕುಳಿತವಳು ಕೈತೊಳೆದು ಏಳುವಾಗ ಒಂಬತ್ತೂವರೆ. ಇಡೀ ಮನೆಗೆ ಅರ್ಧ ಗಂಟೆಯ ಕೆಲಸವಾದ ಊಟ ಅವಳೊಬ್ಬಳಿಗೆ ಎರಡೂವರೆ ಗಂಟೆಯ ಕೆಲಸವಾಯಿತು.

ಹೆಂಗಸರ ಹೊತ್ತು ಹೇಗೆ ಕಳೆಯುತ್ತದೆಂಬುದನ್ನು ನಮ್ಮ ಸರ್ಕಾರವೇ ಅಳೆದು ನೋಡಿದೆ. 2019ರಲ್ಲಿ ದೇಶದಾದ್ಯಂತ ಸಮಯ ಬಳಕೆಯ ಸಮೀಕ್ಷೆಯೊಂದು ನಡೆಯಿತು. ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷವನ್ನು ಸಂಬಳವಿಲ್ಲದ ಆ ಕೆಲಸಕ್ಕೆ ಕೊಡುತ್ತಾರೆ, ಗಂಡಸರು 97 ನಿಮಿಷ ಎಂದು ಅದರಿಂದ ತಿಳಿದುಬಂದಿತು. 2024ರಲ್ಲಿ ಮತ್ತೆ ಸಮೀಕ್ಷೆ ನಡೆದಾಗ ಹೆಂಗಸರದು 289, ಗಂಡಸರದು 88 ನಿಮಿಷವಾಗಿತ್ತು. ಐದು ವರ್ಷಗಳಲ್ಲಿ ಇಬ್ಬರ ಕೆಲಸವೂ ಒಂಬತ್ತು ಹತ್ತು ನಿಮಿಷದಷ್ಟು ಇಳಿಯಿತು. ಇಬ್ಬರ ನಡುವಿನ ಅಂತರ ಮಾತ್ರ ಇನ್ನೂರು ನಿಮಿಷದಲ್ಲಿಯೇ ನಿಂತಿತು. ಸಾಮಾನು ಬಂದರೆ ದುಡಿಮೆ ಇಳಿಯುತ್ತದೆ. ರೂಢಿ ಬದಲಾಗದೆ ಹಂಚಿಕೆ ಬದಲಾಗದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಹೊತ್ತಿನ ಮಾತು ಹಾಗಿರಲಿ, ಊಟದ ಮಾತಿಗೆ ಬರೋಣ. ಕಡೆಯಲ್ಲಿ ಉಣ್ಣುವವಳಿಗೆ ಉಳಿಯುವುದೇನು? ರೊಟ್ಟಿ ಉಳಿದೀತು, ಬೇಕಾದರೆ ಇನ್ನೊಂದು ಬಡಿದುಕೊಂಡಾಳು. ಉಳಿಯದಿರುವುದು ಅದರ ಜೊತೆಗಿನದು. ಗಡಿಗೆಯ ಅಡಿಯ ತಿಳಿಬೇಳೆ, ಬೋಗುಣಿಗೆ ಅಂಟಿದ ಪುಂಡಿಪಲ್ಯ, ಖಾಲಿಯಾದ ಮೊಸರಿನ ಪಾತ್ರೆ. ಆಕೆ ಶೇಂಗಾದ ಹಿಂಡಿಯನ್ನೋ ಒಂದಿಷ್ಟು ಖಾರವನ್ನೋ ಹಚ್ಚಿಕೊಂಡು ಊಟ ಮುಗಿಸುತ್ತಾಳೆ. ದಣಿದ ಮೈಗೆ ಹಸಿವೂ ಹಿಂಗಿರುತ್ತದೆ. ಎಷ್ಟೋ ಸಲ ಒಂದು ಲೋಟ ಚಹಾ ಕುಡಿದು ಮಲಗಿಬಿಡುತ್ತಾಳೆ.

2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ನೂರು ಹೆಂಗಸರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ. ಅದೇ ವಯಸ್ಸಿನ ಗಂಡಸರಲ್ಲಿ ನೂರಕ್ಕೆ ಸುಮಾರು 20. ಇದಕ್ಕೆಲ್ಲ ಕಡೆಯ ಊಟವೊಂದೇ ಕಾರಣವೆಂದು ನಾನು ಹೇಳುವುದಿಲ್ಲ. ಮುಟ್ಟು, ಹೆರಿಗೆ, ಜಂತುಹುಳು ಮೊದಲಾದ ಕಾರಣಗಳೂ ಇವೆ. ಆದರೆ ಹೆಣ್ಣಿನ ದೇಹಕ್ಕೆ ಗಂಡಿಗಿಂತ ಹೆಚ್ಚು ಕಬ್ಬಿಣದ ಅಂಶ ಬೇಕಾಗಿರುವಾಗ, ಸೊಪ್ಪು ಬೇಳೆಗಳ ಪಾತ್ರೆ ಅವಳ ಪಾಲಿಗೇ ಬರಿದಾಗುವುದು ನ್ಯಾಯವೆ? ಊಟದ ಬದಲಿಗೋ ಬೆನ್ನಿಗೋ ಕುಡಿಯುವ ಚಹಾ ಆಹಾರದೊಳಗಿನ ಕಬ್ಬಿಣ ಮೈಗೂಡದಂತೆ ತಡೆಯುತ್ತದೆ. ಊಟಕ್ಕೆ ಒಂದು ಗಂಟೆ ಹಿಂದೆ ಮುಂದೆ ಚಹಾ ಬೇಡವೆಂದು ಆಹಾರತಜ್ಞರು ಹೇಳುತ್ತಾರೆ. ಪಲ್ಯದ ಮೇಲೆ ಹಿಂಡಿದ ನಿಂಬೆಹುಳಿಯಾದರೋ ಅದನ್ನು ಮೈಗೂಡಿಸಲು ನೆರವಾಗುತ್ತದೆ.

ಮನೆಯೊಳಗಿನ ಈ ಹಂಚಿಕೆಯ ಚಿಂತೆ ಸರ್ಕಾರಕ್ಕೂ ತಗಲಿದೆ. 2017ರ ಅಕ್ಟೋಬರ್ 2ರಂದು ನಮ್ಮ ರಾಜ್ಯದಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ ಬಾಣಂತಿಯರು ಅಂಗನವಾಡಿಗೇ ಬಂದು ಮಧ್ಯಾಹ್ನದ ಬಿಸಿಯೂಟ ಮಾಡಬೇಕೆಂದು ಏರ್ಪಾಡಾಯಿತು. ಮನೆಗೆ ಧಾನ್ಯ ಕೊಟ್ಟು ಕಳಿಸಿದರೆ ಅದು ಎಲ್ಲರ ತಾಟಿಗೂ ಹಂಚಿಹೋಗಿ, ಯಾರಿಗಾಗಿ ಕೊಟ್ಟರೋ ಅವಳ ಬಾಯಿಗೆ ಕಡೆಗೆ ಬೀಳುವುದು ತುತ್ತೋ ಎರಡು ತುತ್ತೋ. ತುಂಬಿದ ಬಸುರಿ ಹೊಟ್ಟೆತುಂಬ ಉಣ್ಣಲು ಮನೆ ಬಿಟ್ಟು ಹೊರಗೆ ಹೋಗಬೇಕಾಯಿತೆಂದರೆ ಅದು ನಾವು ಯೋಚಿಸಬೇಕಾದ ಮಾತು.

ಹಾಗಾದರೆ ಏನು ಮಾಡಬೇಕು? ಉಪಾಯ ಬಹು ಸಣ್ಣದು. ಮೊದಲು ರೊಟ್ಟಿ ಪೂರಾ ಮುಗಿಯಲಿ, ಆಮೇಲೆ ಎಲ್ಲರೂ ಕೂಡಲಿ, ಬಡಿದವಳೂ ಕೂಡಲಿ. ಇಷ್ಟೇ.

ರೊಟ್ಟಿ ಆರಿಹೋಗುವುದಲ್ಲ ಎಂದು ನೀವು ಕೇಳಬಹುದು. ಬಿದಿರಿನ ಬುಟ್ಟಿಯಲ್ಲಿ ಒಗೆದ ಹತ್ತಿಯ ಬಟ್ಟೆ ಹಾಸಿ, ಹಂಚಿನಿಂದ ತೆಗೆದ ರೊಟ್ಟಿಯ ಹಬೆ ತುಸು ಹೋಗಗೊಟ್ಟು, ಒಂದರ ಮೇಲೊಂದು ಇಟ್ಟು, ಬಟ್ಟೆಯ ಸೆರಗಿನಿಂದ ಮುಚ್ಚಿದರೆ ಊಟದ ಹೊತ್ತಿನವರೆಗೂ ರೊಟ್ಟಿ ಮೆತ್ತಗಿರುತ್ತದೆ. ಈಗಿನ ಹಾಟ್‌ಬಾಕ್ಸ್ ಇದ್ದರೆ ಅದೂ ಆದೀತು. ಆದರೆ ಅದರೊಳಗೂ ಬಟ್ಟೆ ಹಾಸಬೇಕು. ಇಲ್ಲವಾದರೆ ಹಬೆಯ ನೀರು ಕೆಳಗಿನ ರೊಟ್ಟಿಗೆ ಇಳಿದು ಅದು ನೆನೆದುಬಿಡುತ್ತದೆ. ಅವಸರದ ದಿನಕ್ಕೆ ಖಡಕ್ ರೊಟ್ಟಿ ಇದ್ದೇ ಇದೆ. ಸಣ್ಣ ಉರಿಯ ಮೇಲೆ ಪೂರ್ತಿ ಒಣಗಿಸಿ ಇಟ್ಟ ಈ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಕಲಬುರಗಿ ರೊಟ್ಟಿ ಎಂಬ ಹೆಸರಿನಲ್ಲಿ ನಮ್ಮ ಜಿಲ್ಲೆಯ ಮಹಿಳಾ ಸ್ವಸಹಾಯ ಗುಂಪುಗಳು ಜೋಳದ ರೊಟ್ಟಿಯನ್ನು ದೂರದೂರದ ಊರುಗಳಿಗೆ ಮಾರುತ್ತಿವೆ. ಅಷ್ಟು ದೂರ ಹೋಗಿಯೂ ರುಚಿಯಾಗಿರುವ ರೊಟ್ಟಿ ನಮ್ಮ ಒಲೆಯಿಂದ ತಾಟಿಗೆ ಬರುವ ಅರ್ಧ ಗಂಟೆಯಲ್ಲಿ ಕೆಟ್ಟುಹೋದೀತೆ?

ಪಲ್ಯ, ಬೇಳೆ, ಹಿಂಡಿ, ನೀರಿನ ತಂಬಿಗೆ ಎಲ್ಲವನ್ನೂ ಸಾಲಿನ ನಡುವೆ ಇಡಿ. ಬೇಕಾದವರು ತಾವೇ ಕೈಚಾಚಿ ಬಡಿಸಿಕೊಳ್ಳಲಿ. ಪಲ್ಯ ಬಡಿಸಲು ಒಬ್ಬರು ಏಳಲೇಬೇಕೆಂಬ ನಿಯಮ ಯಾವ ಶಾಸ್ತ್ರದಲ್ಲಿಯೂ ಇಲ್ಲ. ಉಂಡ ಮೇಲೆ ಅವರವರ ತಾಟನ್ನು ಅವರವರೇ ಎತ್ತಲಿ. ಇಷ್ಟಾದರೆ ಒಲೆ ಒಂದೇ ಸಲ ಆರುತ್ತದೆ, ಪಾತ್ರೆ ಒಂದೇ ಸಲ ತೊಳೆಯುತ್ತದೆ, ನೆಲ ಒಂದೇ ಸಲ ಒರೆಸಿದರಾಯಿತು. ಏಳಕ್ಕೆ ಒಲೆ ಹೊತ್ತಿಸಿದವಳಿಗೆ ಎಂಟೂಮುಕ್ಕಾಲಿಗೆ ಬಿಡುವು. ಉಳಿದ ಹೊತ್ತಿನಲ್ಲಿ ಆಕೆ ಮಲಗಲಿ, ಓದಲಿ, ರೇಡಿಯೋ ಕೇಳಲಿ. ಅದು ಅವಳ ಸ್ವಂತದ ಹೊತ್ತು.

ಹೊತ್ತು ಉಳಿಯುವುದಕ್ಕಿಂತಲೂ ದೊಡ್ಡ ಲಾಭವೊಂದು ಇದರಲ್ಲಿದೆ. ಪಾತ್ರೆಯಲ್ಲಿ ಎಷ್ಟಿದೆ ಎಂಬುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಒಬ್ಬಳು ಕಡೆಯಲ್ಲಿ ಉಂಡರೆ ಮನೆಯ ಕೊರತೆಯೆಲ್ಲ ಅವಳ ತಾಟಿನಲ್ಲಿ ಅಡಗಿಹೋಗುತ್ತದೆ. ಉಳಿದವರಿಗೆ ಕೊರತೆಯಿದ್ದದ್ದೇ ತಿಳಿಯುವುದಿಲ್ಲ. “ಸಾಕಷ್ಟಿದೆ” ಎಂದುಕೊಂಡು ಇನ್ನೊಂದು ಸೌಟು ಹಾಕಿಸಿಕೊಂಡವನು ಕೆಟ್ಟವನಲ್ಲ; ಅವನು ಗಡಿಗೆಯೊಳಗೆ ನೋಡಲಿಲ್ಲ, ಅಷ್ಟೆ. ಆರು ತಾಟುಗಳು ಒಂದೇ ಸಾಲಿನಲ್ಲಿದ್ದರೆ, ಆರನೆಯ ತಾಟಿನಲ್ಲಿ ಬೇಳೆ ಇಲ್ಲದ್ದು ಮಗನಿಗೂ ಕಾಣುತ್ತದೆ, ಮಾವನಿಗೂ ಕಾಣುತ್ತದೆ. ಕಂಡ ಮೇಲೆ ಸೌಟಿನ ಕೈ ತಾನಾಗಿಯೇ ತಡೆಯುತ್ತದೆ. ಮಾರನೆಯ ದಿನ ಗಡಿಗೆಗೆ ಇನ್ನೊಂದು ಹಿಡಿ ಬೇಳೆ ಬೀಳುತ್ತದೆ. ಬೇಳೆ ಕೊಳ್ಳಲು ಕಷ್ಟವಾದ ಮನೆಯಲ್ಲಿ ಇದ್ದುದೇ ಆರು ಪಾಲಾಗುತ್ತದೆ. ಯಾರನ್ನೂ ಗದರಿಸಬೇಕಾಗಿಲ್ಲ, ಯಾರಿಗೂ ಉಪದೇಶ ಮಾಡಬೇಕಾಗಿಲ್ಲ.

ಇದು ಬರಿಯ ಊಹೆಯ ಮಾತಲ್ಲ. ಕಳೆದ ದಶಕದಲ್ಲಿ ರಾಜಸ್ಥಾನದ ಬಾಂಸವಾಡಾ, ಸಿರೋಹಿ ಜಿಲ್ಲೆಗಳ ಹಳ್ಳಿಗಳಲ್ಲಿ ಮಹಿಳಾ ಸ್ವಸಹಾಯ ಗುಂಪುಗಳ ಮೂಲಕ ಇದೇ ಮಾತನ್ನು ಹೇಳಿ ನೋಡಿದರು. ಮನೆಮಂದಿಯೆಲ್ಲ ಕೂಡಿ ಉಣ್ಣಿರಿ ಎಂಬುದೇ ಅವರ ಮುಖ್ಯ ಬೋಧನೆಯಾಗಿತ್ತು. ಗಂಡಸರನ್ನೂ ಆ ಮಾತುಕತೆಗೆ ಕರೆದರು. ಸಾಕಷ್ಟು ಉಣ್ಣುವ ತಾಯಂದಿರ ಸಂಖ್ಯೆ ಇದರಿಂದ ಹೆಚ್ಚಿತೆಂದು ಅಲ್ಲಿ ಕೆಲಸ ಮಾಡಿದವರು ವರದಿ ಮಾಡಿದ್ದಾರೆ.

ಆದರೆ ಉದಾಹರಣೆಗಾಗಿ ರಾಜಸ್ಥಾನಕ್ಕೆ ಏಕೆ ಹೋಗಬೇಕು? ನಮ್ಮಲ್ಲಿಯೇ ಎಳ್ಳಮಾವಾಸ್ಯೆ ಇಲ್ಲವೆ? ಡಿಸೆಂಬರ್ ಜನವರಿಯ ಸುಮಾರಿಗೆ, ಜೋಳ ಎದೆಮಟ್ಟ ನಿಂತಿರುವಾಗ, ಬಂಡಿ ಕಟ್ಟಿಕೊಂಡೋ ಟ್ರ್ಯಾಕ್ಟರ್ ಹತ್ತಿಯೋ ಇಡೀ ಮನೆ ಹೊಲಕ್ಕೆ ಹೋಗುತ್ತದೆ. ಸಜ್ಜೆಯ ರೊಟ್ಟಿಯನ್ನು ಮೊದಲೇ ಬಡಿದು ಇಟ್ಟಿರುತ್ತಾರೆ. ಭಜ್ಜಿಪಲ್ಯ, ಕಡಬು, ಶೇಂಗಾ ಹೋಳಿಗೆ, ಅಂಬಲಿ ಎಲ್ಲವೂ ಬುಟ್ಟಿಯಲ್ಲಿ ಬಂದಿರುತ್ತವೆ. ಚರಗ ಚೆಲ್ಲಿ, ಭೂಮಿತಾಯಿಗೆ ಕೈಮುಗಿದು, ಗಂಡಸರು ಹೆಂಗಸರು, ಒಡೆಯರು ಆಳುಗಳು, ನೆರೆಯ ಹೊಲದವರು ಎಲ್ಲರೂ ಕುಳಿತು ಉಣ್ಣುತ್ತಾರೆ. ಆ ದಿನ ರೊಟ್ಟಿ ಆರಿದೆಯೆಂದು ಗೊಣಗುವವರು ಯಾರೂ ಇಲ್ಲ. ವರ್ಷದಲ್ಲೆಲ್ಲ ರುಚಿಯಾದ ಊಟ ಅದೇ ಎನ್ನುತ್ತೇವೆ. ರುಚಿ ಇದ್ದದ್ದು ಬಿಸಿಯಲ್ಲಲ್ಲ, ಕೂಡಿ ಉಂಡದ್ದರಲ್ಲಿ. ವರ್ಷಕ್ಕೊಮ್ಮೆ ಹೊಲದಲ್ಲಿ ಆಗುವುದು ದಿನಕ್ಕೊಮ್ಮೆ ಮನೆಯಲ್ಲಿ ಏಕೆ ಆಗಬಾರದು?

ಕೆಲವರು ಶಾಸ್ತ್ರವನ್ನು ಮುಂದೆ ಮಾಡುತ್ತಾರೆ. ಭಾಷೆ ಕಲಿಸುವ ಪಂಡಿತನಾದ್ದರಿಂದ ಆ ಮಾತಿಗೂ ಒಂದಿಷ್ಟು ಉತ್ತರ ಹೇಳಬೇಕು. ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ನವವಧು, ಕನ್ನೆಯರು, ರೋಗಿಗಳು, ಗರ್ಭಿಣಿಯರು - ಇವರಿಗೆ ಅತಿಥಿಗಳಿಗಿಂತಲೂ ಮೊದಲೇ ಊಟಕ್ಕೆ ಹಾಕಬೇಕೆಂದಿದೆ. ಎಲ್ಲರದೂ ಆದ ಮೇಲೆ ಉಳಿದುದನ್ನು ಉಣ್ಣಬೇಕಾದವರು ದಂಪತಿಗಳು ಎಂದು ಅಲ್ಲಿಯೇ ಇದೆ. ಪದ ದ್ವಿವಚನದಲ್ಲಿದೆ ಎಂಬುದನ್ನು ಗಮನಿಸಬೇಕು. ಕಡೆಯಲ್ಲಿ ಉಣ್ಣಬೇಕಾದವಳು ಹೆಂಡತಿಯೊಬ್ಬಳೇ ಅಲ್ಲ, ಗಂಡನೂ ಹೌದು. ಹೆಂಡತಿಯೊಡನೆ ಕೂಡಿ ಉಣ್ಣಬಾರದೆಂಬ ಮಾತೂ ಅದೇ ಗ್ರಂಥದ ನಾಲ್ಕನೆಯ ಅಧ್ಯಾಯದಲ್ಲಿ ಸಿಗುತ್ತದೆ. ಒಂದು ಗ್ರಂಥದಲ್ಲಿಯೇ ಎರಡು ಬಗೆಯ ಮಾತಿರುವಾಗ ನಮಗೆ ಬೇಕಾದ್ದನ್ನಷ್ಟೇ ಆರಿಸಿಕೊಂಡು ತಾಯಿಯನ್ನು ಒಲೆಯ ಮುಂದೆ ಕೂಡಿಸುವುದು ಸಲ್ಲದು.

ನಮ್ಮ ಸೀಮೆಗೆ ಅದಕ್ಕಿಂತ ಹತ್ತಿರದ ದಾರಿಯೊಂದಿದೆ. ಅರಳಗುಂಡಗಿಯಲ್ಲಿ 1746ರಲ್ಲಿ ಹುಟ್ಟಿದ ಶರಣಬಸವೇಶ್ವರರು ಕಲಬುರಗಿಗೆ ಬಂದು ನಿಂತು, 1822ರಲ್ಲಿ ಲಿಂಗೈಕ್ಯರಾಗುವವರೆಗೂ ದಾಸೋಹ ನಡೆಸಿದರು. ಹಸಿದು ಬಂದವರೆಲ್ಲರಿಗೂ ಸಾಲಿನಲ್ಲಿ ಸ್ಥಳವಿರಬೇಕೆಂಬುದೇ ದಾಸೋಹದ ತಿರುಳು. ಜಾತ್ರೆಯಲ್ಲಿ ಪಂಕ್ತಿಭೇದ ಮಾಡಿದರೆ ನಾವು ಸಿಟ್ಟಾಗುತ್ತೇವೆ. ನಮ್ಮ ಅಡಿಗೆಮನೆಯಲ್ಲಿ ದಿನಕ್ಕೆರಡು ಸಲ ನಡೆಯುವ ಪಂಕ್ತಿಭೇದ ಮಾತ್ರ ನಮಗೆ ಕಾಣುವುದಿಲ್ಲ. ಪಂಕ್ತಿ ಎಂಬ ಸಂಸ್ಕೃತ ಪದಕ್ಕೆ ಐದು ಎಂಬ ಸಂಖ್ಯೆಯೇ ಮೂಲ; ಐವರ ಗುಂಪು ಎಂಬುದು ಅದರ ಮೊದಲ ಅರ್ಥ. ಇಂಗ್ಲಿಷಿನವರ ಕಂಪಾನಿಯನ್ ಎಂಬ ಮಾತಿಗೂ ರೊಟ್ಟಿಯನ್ನು ಜೊತೆಗೆ ಉಣ್ಣುವವನು ಎಂದೇ ಮೂಲಾರ್ಥ. ಜೊತೆಗಾತಿ ಎಂದು ಕೈಹಿಡಿದು ತಂದವಳು ರೊಟ್ಟಿಗೆ ಜೊತೆಯಾಗದಿದ್ದರೆ ಹೇಗೆ?

ಕೆಲವು ಮನೆಗಳಲ್ಲಿ ನಿಜವಾದ ತೊಡಕುಗಳಿವೆ. ಒಬ್ಬರು ಕಾರ್ಖಾನೆಯ ಪಾಳಿಗೆ ಹೋಗಬೇಕು, ಮಕ್ಕಳು ಶಾಲೆಗೆ ಹೊರಡಬೇಕು, ಹೆಂಗಸರು ಕೂಲಿಗೋ ಕಚೇರಿಗೋ ಹೋಗಬೇಕು. ಬೆಳಗಿನ ಊಟ ಎಲ್ಲರಿಗೂ ಒಂದೇ ಹೊತ್ತಿಗೆ ಆಗಲಾರದು. ಅಂಥಲ್ಲಿ ರಾತ್ರಿಯದೊಂದನ್ನು ಹಿಡಿದುಕೊಳ್ಳಿ. ಬೆಳಿಗ್ಗೆ ಮಾತ್ರ ಒಂದು ನಿಯಮವಿರಲಿ: ಬುತ್ತಿ ಕಟ್ಟುವ ಮೊದಲು ಕಟ್ಟುವವಳ ಪಾಲು ಬೇರೆ ಬಟ್ಟಲಲ್ಲಿ ತೆಗೆದಿಟ್ಟಿರಬೇಕು. ಶಾಲೆಗೆ ಹೋಗುವ ಹೆಣ್ಣುಮಗಳು ಅವ್ವನಿಗೆ ಕೈಗೂಡಿಸಲೆಂದು ತಾನು ಉಣ್ಣದೆ ಓಡಬಾರದು; ಆ ಕೈಗೂಡಿಸುವ ಕೆಲಸ ಅಣ್ಣನಿಗೂ ಬರುತ್ತದೆ. ತಂಬಿಗೆಗೆ ನೀರು ತುಂಬಲು, ತಾಟು ಹಾಕಲು, ಬುಟ್ಟಿ ತಂದಿಡಲು ಯಾವ ವಿದ್ಯೆಯೂ ಬೇಕಿಲ್ಲ.

ಇನ್ನೊಂದು ತೊಡಕು ಸಂಕೋಚದ್ದು. ಮಾವನ ಎದುರಿಗೆ, ಹಿರಿಯ ಭಾವನ ಎದುರಿಗೆ ಸೊಸೆ ಹೇಗೆ ಕುಳಿತು ಉಣ್ಣಬೇಕು? ಈ ಗಂಟನ್ನು ಸೊಸೆ ಬಿಚ್ಚಲಾರಳು, ಮಗನೂ ಬಿಚ್ಚಲಾರ. ಮಗ ಮೊದಲು ಬಾಯಿಬಿಟ್ಟರೆ “ಹೆಂಡತಿಯ ಮಾತು ಕೇಳಿದ” ಎಂಬ ಹೆಸರು ಬರುತ್ತದೆ. ಇದನ್ನು ಬಿಚ್ಚಬಲ್ಲವಳು ಅತ್ತೆ ಒಬ್ಬಳೇ. ಅವಳು ತನ್ನ ಪಕ್ಕದ ತಾಟನ್ನು ತೋರಿಸಿ, “ಬಾರವ್ವ, ಒಲಿ ಆರಸು, ಇಲ್ಲಿ ಕೂಡು” ಎಂದರೆ ಮುಗಿಯಿತು. ಅದನ್ನು ಮೀರಿ ಮಾತಾಡುವ ಧೈರ್ಯ ಯಾವ ಮಾವನಿಗೂ ಇಲ್ಲ. ಮೂವತ್ತು ನಲವತ್ತು ವರ್ಷ ತಾನೂ ಕಡೆಯಲ್ಲಿ ಉಂಡವಳು ಆಕೆ. ತಾನು ಪಟ್ಟದ್ದನ್ನು ಸೊಸೆಯೂ ಪಡಲಿ ಎನ್ನುವುದು ಒಂದು ದಾರಿ. ತನ್ನೊಂದಿಗೇ ಅದು ಮುಗಿಯಲಿ ಎನ್ನುವುದು ಇನ್ನೊಂದು. ಎರಡನೆಯದನ್ನು ಆರಿಸಿಕೊಂಡ ಅತ್ತೆಗೆ ಮುಪ್ಪಿನಲ್ಲಿ ರೊಟ್ಟಿಯೂ ಸಿಗುತ್ತದೆ, ಮಾತಾಡುವವರೂ ಸಿಗುತ್ತಾರೆ.

ಗಂಡಸರಿಗೆ ನಾನು ಹೇಳುವುದು ಇಷ್ಟೇ. ನಿಮ್ಮ ಪಾಲಿನ ತ್ಯಾಗ ದೊಡ್ಡದೇನಲ್ಲ: ಉಬ್ಬಿದ ರೊಟ್ಟಿಯ ಹಬೆ, ಕಾಲು ಗಂಟೆಯ ಕಾಯುವಿಕೆ. ಹೊಲಕ್ಕೆ ಬುತ್ತಿ ಒಯ್ದು ಉಂಡ ನಮ್ಮ ಹಿರಿಯರು ದಿನವೂ ಆರಿದ ರೊಟ್ಟಿಯನ್ನೇ ಉಂಡು ಬಾಳಿದರು. ಬಿಸಿ ಬೇಕೇ ಬೇಕೆನ್ನುವವರು ವಾರಕ್ಕೊಂದು ದಿನ ತಾವೇ ಹಂಚಿನ ಮುಂದೆ ಕುಳಿತು ನೋಡಬಹುದು. ಎಸರಿಟ್ಟು ಹಿಟ್ಟು ನಾದುವಾಗ ಕೈ ಚುರುಗುಟ್ಟುವುದು ತಿಳಿದರೆ ಆರಿದ ರೊಟ್ಟಿಯೂ ಬಹಳ ರುಚಿಯಾಗಿ ತೋರುತ್ತದೆ.

ಇಂದಿನ ರಾತ್ರಿಯ ಊಟಕ್ಕೇ ಇದನ್ನು ಹಚ್ಚಿ ನೋಡಿರಿ. ರೊಟ್ಟಿಯ ಬುಟ್ಟಿ ನಡುವೆ ಬರಲಿ. ತಾಟುಗಳನ್ನು ಎಣಿಸಿರಿ. ಮನೆಯಲ್ಲಿ ಎಷ್ಟು ಜನರೋ ಅಷ್ಟು ತಾಟು ಇವೆಯೆ ಎಂದು ನೋಡಿರಿ. ಒಂದು ಕಡಿಮೆಯಿದ್ದರೆ, ಅದನ್ನು ತಂದು ಹಾಕಿದ ಮೇಲೆಯೇ ಮೊದಲ ತುತ್ತು ಮುರಿಯಿರಿ.